ಇಂಡಿಕಸ್, ಇಂಡಿಕಾ, ಇಂಡಿಕಮ್: ಒಂದು ಲ್ಯಾಟಿನ್ ವಿಶೇಷಣವನ್ನು ತಿಳಿದು ಬಳಸುವ ಬಗೆ

ಮಾವಿನ ಮರದ ವೈಜ್ಞಾನಿಕ ಹೆಸರು ಮ್ಯಾಂಜಿಫೆರಾ ಇಂಡಿಕಾ. ಎಳ್ಳಿನದು ಸೆಸಮಮ್ ಇಂಡಿಕಮ್. ಬೇಸಿಗೆಯಲ್ಲಿ ಪಾನಕಕ್ಕೆ ಹಾಕುವ ಸೊಗದೆ ಬೇರಿನದು ಹೆಮಿಡೆಸ್ಮಸ್ ಇಂಡಿಕಸ್. ಮೂರು ಹೆಸರುಗಳಲ್ಲೂ ಎರಡನೆಯ ಪದ ಒಂದೇ. ‘ಇಂಡಿಯಾಕ್ಕೆ ಸಂಬಂಧಿಸಿದ’ ಎಂಬ ಅರ್ಥದ ಒಂದೇ ಒಂದು ಲ್ಯಾಟಿನ್ ವಿಶೇಷಣ. ಅದರ ಕೊನೆ ಮಾತ್ರ ಮೂರು ಕಡೆ ಮೂರು ಬಗೆಯಾಗಿದೆ. ಸಸ್ಯಗಳ ಪಟ್ಟಿಯನ್ನೋ ಪಕ್ಷಿಗಳ ಕೈಪಿಡಿಯನ್ನೋ ಕನ್ನಡದಲ್ಲಿ ಸಿದ್ಧಪಡಿಸುವವರು ಈ ವ್ಯತ್ಯಾಸವನ್ನು ಅಚ್ಚಿನ ದೋಷವೆಂದು ಭಾವಿಸಿ ಎಲ್ಲ ಕಡೆಯೂ ‘ಇಂಡಿಕಾ’ ಎಂದು ಸಮಮಾಡಿಬಿಡುವುದುಂಟು. ಹಾಗೆ ಮಾಡಿದಾಗ ಹೆಸರೇ ತಪ್ಪಾಗುತ್ತದೆ. ಈ ಒಂದು ಪದದ ಹುಟ್ಟು, ಅರ್ಥ ಮತ್ತು ವ್ಯಾಕರಣವನ್ನು ಚೆನ್ನಾಗಿ ಅರಿತುಕೊಂಡರೆ ಇದೇ ಅಚ್ಚಿನಲ್ಲಿ ಎರಕಗೊಂಡ ನೂರಾರು ಲ್ಯಾಟಿನ್ ವಿಶೇಷಣಗಳನ್ನು ಹೆದರಿಕೆಯಿಲ್ಲದೆ ಬಳಸಬಹುದು.

ಮೊದಲು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕಾದ ನಿಯಮವು ಲ್ಯಾಟಿನ್ ಕಲಿಯದ ಕನ್ನಡಿಗರಿಗೂ ಪೂರ್ತಿ ಹೊಸತಲ್ಲ. ಶಾಲೆಯಲ್ಲಿ ಸಂಸ್ಕೃತ ಓದಿದವರು ಈ ಸಾಲನ್ನು ಬಾಯಿಪಾಠ ಮಾಡಿರುತ್ತಾರೆ: ‘ಯಲ್ಲಿಂಗಂ ಯದ್ವಚನಂ ಯಾ ಚ ವಿಭಕ್ತಿರ್ವಿಶೇಷ್ಯಸ್ಯ, ತಲ್ಲಿಂಗಂ ತದ್ವಚನಂ ಸೈವ ವಿಭಕ್ತಿರ್ವಿಶೇಷಣಸ್ಯಾಪಿ.’ ವಿಶೇಷ್ಯಕ್ಕೆ ಯಾವ ಲಿಂಗ, ಯಾವ ವಚನ, ಯಾವ ವಿಭಕ್ತಿಯೋ ವಿಶೇಷಣಕ್ಕೂ ಅದೇ. ಲ್ಯಾಟಿನ್ನಿನ ನಿಯಮವೂ ಅಕ್ಷರಶಃ ಇದೇ ಆಗಿದೆ. ಕನ್ನಡದಲ್ಲಾದರೋ ‘ದೊಡ್ಡ ಮರ’, ‘ದೊಡ್ಡ ಹುಡುಗ’, ‘ದೊಡ್ಡ ಹುಡುಗಿಗೆ’ ಎನ್ನುವಾಗ ‘ದೊಡ್ಡ’ ಎಂಬುದು ಒಂದಿಷ್ಟೂ ಅಲುಗುವುದಿಲ್ಲ. ಎಲ್ಲವನ್ನೂ ‘ಇಂಡಿಕಾ’ ಎಂದು ಬರೆಯುವ ಅಭ್ಯಾಸದ ಹಿಂದೆ ಇರುವುದು ಕನ್ನಡದ ಈ ಸಹಜ ರೀತಿಯೇ ಎಂದು ನನಗೆ ತೋರುತ್ತದೆ. ಆದ್ದರಿಂದ ಲ್ಯಾಟಿನ್ ಹೆಸರು ಬರೆಯುವಾಗ ಕನ್ನಡದ ಕಿವಿಯನ್ನು ಸ್ವಲ್ಪ ಹೊತ್ತು ಬದಿಗಿಟ್ಟು ಸಂಸ್ಕೃತದ ಆ ಸೂತ್ರವನ್ನು ನೆನೆಯಬೇಕು.

ಪದದ ಹುಟ್ಟು

ಈ ವಿಶೇಷಣದ ಬೇರು ಇರುವುದು ಸಿಂಧು ನದಿಯಲ್ಲಿ. ಸಂಸ್ಕೃತದ ‘ಸಿಂಧು’ ಹಳೆಯ ಪರ್ಷಿಯನ್ನಿನಲ್ಲಿ ‘ಹಿಂದು’ ಆಯಿತು. ಸಂಸ್ಕೃತದಲ್ಲಿ ಪದದ ಮೊದಲಿಗೆ ಬರುವ ಸಕಾರ ಅಲ್ಲಿ ಹಕಾರವಾಗುವುದು ಕ್ರಮ. ‘ಸಪ್ತ’ ಎಂಬುದು ‘ಹಫ್ತ್’ ಆಗಿ, ಏಳು ದಿನದ ವಾರವೆಂಬ ಅರ್ಥದ ‘ಹಫ್ತಾ’ ನಮ್ಮ ಬೀದಿಮಾತಿಗೂ ಬಂದಿರುವುದು ಹೀಗೆಯೇ. ಅಕಿಮೆನಿಡ್ ದೊರೆ ಡೇರಿಯಸ್‌ನ ಶಾಸನಗಳಲ್ಲಿ ಸಿಂಧೂ ಪ್ರದೇಶವು ಈ ಹೆಸರಿನಿಂದಲೇ ಕಾಣಿಸಿಕೊಳ್ಳುತ್ತದೆ. ಪರ್ಷಿಯನ್ನರಿಂದ ಆ ಪದವನ್ನು ಪಡೆದ ಅಯೋನಿಯನ್ ಗ್ರೀಕರ ಆಡುನುಡಿಯಲ್ಲಿ ಪದದ ಆರಂಭದ ಹಕಾರ ಉಳಿದಿರಲಿಲ್ಲ. ಹಳೆ ಮೈಸೂರು ಸೀಮೆಯ ಊರುಗಳಲ್ಲಿ ‘ಹಳ್ಳಿ’ಯನ್ನು ‘ಅಳ್ಳಿ’ ಎನ್ನುವುದನ್ನು ಕೇಳಿದವರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. ಹೀಗೆ ‘ಹಿಂದು’ ಗ್ರೀಕಿನಲ್ಲಿ ‘ಇಂದೊಸ್’ ಆಗಿ, ಅದಕ್ಕೆ ಸಂಬಂಧಸೂಚಕವಾದ ‘ಇಕೊಸ್’ ಪ್ರತ್ಯಯ ಸೇರಿ ‘ಇಂದಿಕೊಸ್’ ಆಯಿತು. ಅದನ್ನು ರೋಮನ್ನರು ತಮ್ಮ ರೂಢಿಗೆ ಒಗ್ಗಿಸಿಕೊಂಡು ‘ಇಂದಿಕುಸ್’ ಎಂದರು. ಸಾಮಾಜಿಕ, ವೈದಿಕ, ಐತಿಹಾಸಿಕ ಮುಂತಾದ ಪದಗಳಲ್ಲಿ ನಾವು ಕಾಣುವ ‘ಇಕ’ ಪ್ರತ್ಯಯಕ್ಕೂ ಲ್ಯಾಟಿನ್ನಿನ ‘ಇಕುಸ್’ ಪ್ರತ್ಯಯಕ್ಕೂ ರೂಪದಲ್ಲಿ, ಕೆಲಸದಲ್ಲಿ ನೆಂಟಸ್ತಿಕೆಯಿದೆ.

ಅದೇ ಸಿಂಧುವಿನಿಂದ ಸಂಸ್ಕೃತವೂ ತನ್ನದೊಂದು ವಿಶೇಷಣವನ್ನು ಕಟ್ಟಿಕೊಂಡಿದೆ: ಸೈಂಧವ, ಎಂದರೆ ಸಿಂಧೂ ದೇಶದ್ದು. ನಮ್ಮ ಅಡುಗೆಮನೆಯಲ್ಲಿರುವ ಸೈಂಧವ ಲವಣ ಮತ್ತು ಲ್ಯಾಟಿನ್ನಿನ ಇಂದಿಕುಸ್ ಒಂದೇ ನದಿಯ ಎರಡು ಕವಲುಗಳು. ಈ ಎರಡಕ್ಕೂ ಒಂದೇ ಬಗೆಯ ಗತಿ ಒದಗಿರುವುದು ನನ್ನ ಮನಸ್ಸನ್ನು ಬಹಳವಾಗಿ ಹಿಡಿದಿರುವ ಸಂಗತಿ. ಸಂಸ್ಕೃತದಲ್ಲಿ ‘ಸೈಂಧವ’ವು ವಿಶೇಷ್ಯವನ್ನು ಕಳಚಿಕೊಂಡು ತಾನೇ ನಾಮಪದವಾಗಿ, ಒಮ್ಮೆ ಉಪ್ಪು ಎಂದೂ ಇನ್ನೊಮ್ಮೆ ಕುದುರೆ ಎಂದೂ ಅರ್ಥ ಕೊಡತೊಡಗಿತು, ‘ಸೈಂಧವಮಾನಯ’ ಎಂದರೆ ಊಟದ ಹೊತ್ತಿನಲ್ಲಿ ಉಪ್ಪು ತರಬೇಕು, ಪ್ರಯಾಣದ ಹೊತ್ತಿನಲ್ಲಿ ಕುದುರೆ ತರಬೇಕು ಎಂಬುದು ಶಾಸ್ತ್ರಕಾರರ ಹಳೆಯ ಉದಾಹರಣೆ. ಲ್ಯಾಟಿನ್ನಿನಲ್ಲಿಯೂ ನಪುಂಸಕಲಿಂಗದ ‘ಇಂದಿಕುಮ್’ ಒಂಟಿಯಾಗಿ ನಿಂತು ‘ಇಂಡಿಯಾದ ಬಣ್ಣ’ ಎಂಬ ಅರ್ಥ ಪಡೆಯಿತು. ಒಂದನೆಯ ಶತಮಾನದ ರೋಮನ್ ಲೇಖಕ ಪ್ಲಿನಿ ಈ ಬಣ್ಣವನ್ನು ಹೆಸರಿಸಿ, ಅದು ಇಂಡಿಯಾದಿಂದ ಬರುತ್ತದೆಂದೂ ಜೊಂಡಿನ ನೊರೆಗೆ ಅಂಟಿದ ಕೆಸರೆಂದೂ ಬರೆದಿದ್ದಾನೆ. ಗಿಡದ ಎಲೆಯಿಂದ ತೆಗೆಯುವ ನೀಲಿಯೆಂಬುದು ಅವನಿಗೆ ಗೊತ್ತಿರಲಿಲ್ಲ. ಆ ‘ಇಂದಿಕುಮ್’ ಎಂಬುದೇ ಯುರೋಪಿನ ಭಾಷೆಗಳಲ್ಲಿ ‘ಇಂಡಿಗೊ’ ಆಯಿತು. ಮುಂದೆ 1863ರಲ್ಲಿ ಜರ್ಮನಿಯ ಫ್ರೈಬರ್ಗ್‌ನಲ್ಲಿ ರೈಶ್ ಮತ್ತು ರಿಕ್ಟರ್ ಎಂಬ ಇಬ್ಬರು ಹೊಸ ಲೋಹವೊಂದರ ರೋಹಿತದಲ್ಲಿ ನೀಲಿ ಗೆರೆಯನ್ನು ಕಂಡು, ಇಂಡಿಗೊ ಬಣ್ಣದ ನೆನಪಿಗೆ ಅದನ್ನು ‘ಇಂಡಿಯಮ್’ ಎಂದು ಕರೆದರು. ಆ ಲೋಹಕ್ಕೆ ದೇಶದ ಹೆಸರು ನೇರವಾಗಿ ಬಂದದ್ದಲ್ಲ, ಬಣ್ಣದ ದಾರಿಯಿಂದ ಬಂದದ್ದು.

ಉಚ್ಚಾರ ಮತ್ತು ರೂಪ

ಪ್ರಾಚೀನ ರೋಮನ್ನರ ಉಚ್ಚಾರದಲ್ಲಿ ಈ ಪದದ ದಕಾರ ದಂತ್ಯ, ಕಕಾರ ಯಾವಾಗಲೂ ಕಕಾರ. ನಡುವಿನ ಇಕಾರ ಹ್ರಸ್ವವಾದ ಕಾರಣ ಒತ್ತು ಮೊದಲ ಅಕ್ಷರದ ಮೇಲೆ ಬೀಳುತ್ತದೆ. ಕನ್ನಡ ಲಿಪಿಯಲ್ಲಿ ಇದನ್ನು ‘ಇಂದಿಕುಸ್’ ಎಂದು ತೋರಿಸಬಹುದು. ಆದರೆ ಸಸ್ಯ ಮತ್ತು ಪ್ರಾಣಿಗಳ ಹೆಸರುಗಳು ನಮಗೆ ಇಂಗ್ಲಿಷಿನ ಮೂಲಕ ಬಂದಿರುವುದರಿಂದ ಇಂಡಿಕಸ್, ಇಂಡಿಕಾ, ಇಂಡಿಕಮ್ ಎಂಬ ಬರಹ ನೆಲೆಯೂರಿದೆ. ಅದನ್ನು ಬದಲಿಸಬೇಕೆಂದು ನಾನು ಹೇಳುವುದಿಲ್ಲ. ಒಂದು ಪುಸ್ತಕದೊಳಗೆ ಒಂದೇ ಕ್ರಮವನ್ನು ಕೊನೆಯವರೆಗೆ ಪಾಲಿಸಿದರೆ ಸಾಕು. ವಿಭಕ್ತಿರೂಪಗಳನ್ನು ಕಲಿಯುವಾಗ ಮಾತ್ರ ರೋಮನ್ ಉಚ್ಚಾರದಂತೆ ಬರೆದುಕೊಳ್ಳುವುದು ಲೇಸು, ಏಕೆಂದರೆ ಹ್ರಸ್ವ ದೀರ್ಘಗಳ ಭೇದವನ್ನು ರೋಮನ್ ಲಿಪಿಗಿಂತ ನಮ್ಮ ಲಿಪಿ ಸ್ಪಷ್ಟವಾಗಿ ತೋರಿಸುತ್ತದೆ.

ಏಕವಚನದ ರೂಪಗಳು ಹೀಗಿವೆ. ಪ್ರಥಮಾ ವಿಭಕ್ತಿಯಲ್ಲಿ ಪುಲ್ಲಿಂಗಕ್ಕೆ ಇಂದಿಕುಸ್, ಸ್ತ್ರೀಲಿಂಗಕ್ಕೆ ಇಂದಿಕ, ನಪುಂಸಕಕ್ಕೆ ಇಂದಿಕುಮ್. ಕರ್ಮವನ್ನು ಹೇಳುವಾಗ ಪುಲ್ಲಿಂಗ ನಪುಂಸಕಗಳೆರಡಕ್ಕೂ ಇಂದಿಕುಮ್, ಸ್ತ್ರೀಲಿಂಗಕ್ಕೆ ಇಂದಿಕಮ್. ಷಷ್ಠಿಯಲ್ಲಿ ಇಂದಿಕೀ, ಇಂದಿಕೈ, ಇಂದಿಕೀ. ಚತುರ್ಥಿಯಲ್ಲಿ ಇಂದಿಕೋ, ಇಂದಿಕೈ, ಇಂದಿಕೋ. ಪಂಚಮಿಯ ಕೆಲಸದ ಜೊತೆಗೆ ತೃತೀಯೆಯ ಮತ್ತು ಬಹುಮಟ್ಟಿಗೆ ಸಪ್ತಮಿಯ ಕೆಲಸವನ್ನೂ ಹೊರುವ ‘ಆಬ್ಲಾತಿವುಸ್’ ವಿಭಕ್ತಿಯಲ್ಲಿ ಇಂದಿಕೋ, ಇಂದಿಕಾ, ಇಂದಿಕೋ. ಬಹುವಚನದ ಪ್ರಥಮೆಯಲ್ಲಿ ಇಂದಿಕೀ, ಇಂದಿಕೈ, ಇಂದಿಕ. ಷಷ್ಠಿಯಲ್ಲಿ ಇಂದಿಕೋರುಮ್, ಇಂದಿಕಾರುಮ್, ಇಂದಿಕೋರುಮ್. ದ್ವಿತೀಯೆಯಲ್ಲಿ ಇಂದಿಕೋಸ್, ಇಂದಿಕಾಸ್, ಇಂದಿಕ. ಚತುರ್ಥಿ ಮತ್ತು ಪಂಚಮಿಗಳಲ್ಲಿ ಮೂರು ಲಿಂಗಕ್ಕೂ ಇಂದಿಕೀಸ್. ನಪುಂಸಕದಲ್ಲಿ ಪ್ರಥಮೆಯೂ ದ್ವಿತೀಯೆಯೂ ಒಂದೇ ಆಗಿರುವುದನ್ನು ಗಮನಿಸಿ. ‘ಫಲಂ’ ಶಬ್ದವನ್ನು ಕಲಿತವರಿಗೆ ಇದು ಪರಿಚಿತ. ಇಲ್ಲಿ ಒಂದು ಸೂಕ್ಷ್ಮವೂ ಇದೆ: ನಾವು ದೀರ್ಘವಾಗಿ ಬರೆಯುವ ‘ಇಂಡಿಕಾ’ ಕಟ್ಟುನಿಟ್ಟಾಗಿ ನೋಡಿದರೆ ಪ್ರಥಮೆಯಲ್ಲ, ಪಂಚಮಿ. ರೂಢಿಗೆ ಬಂದ ಬರಹವಾದ್ದರಿಂದ ಅದನ್ನು ದೋಷವೆನ್ನಬೇಕಾಗಿಲ್ಲ, ತಿಳಿದಿದ್ದರೆ ಸಾಕು.

ಈ ವಿಭಕ್ತಿಗಳು ವಾಕ್ಯದೊಳಗೆ ಏನು ಮಾಡುತ್ತವೆ ಎಂಬುದಕ್ಕೆ ಕ್ರಿಸ್ತಪೂರ್ವ 161ರಲ್ಲಿ ರಂಗಕ್ಕೆ ಬಂದ ಟೆರೆನ್ಸ್‌ನ ‘ಯೂನುಕುಸ್’ ನಾಟಕದ ಒಂದು ತುಣುಕು ಸಾಕು. ಬಡಾಯಿಕೋರ ಸೈನಿಕನೊಬ್ಬ ದೊರೆಯು ಇಂಡಿಯಾದ ಆನೆಗಳ ಮೇಲ್ವಿಚಾರಕನನ್ನಾಗಿ ನೇಮಿಸಿದ್ದ ಒಬ್ಬನ ಮಾತು ತೆಗೆಯುತ್ತಾನೆ: ‘ಎಲೆಫಾಂತೀಸ್ ಕ್ವೆಮ್ ಇಂದಿಕೀಸ್ ಪ್ರೈಫೇಕೆರತ್’. ‘ಎಲೆಫಾಂತೀಸ್’ ಎಂದರೆ ಆನೆಗಳಿಗೆ, ‘ಇಂದಿಕೀಸ್’ ಎಂದರೆ ಇಂಡಿಯಾದವಕ್ಕೆ. ನಡುವೆ ‘ಯಾರನ್ನು’ ಎಂಬರ್ಥದ ಬೇರೊಂದು ಪದ ನುಗ್ಗಿದ್ದರೂ ಎರಡರ ವಿಭಕ್ತಿ ವಚನಗಳು ಕೂಡಿಬರುವುದರಿಂದ ಆನೆಗೂ ಇಂಡಿಯಾಕ್ಕೂ ನಂಟು ತಪ್ಪುವುದಿಲ್ಲ. ಸಂಸ್ಕೃತ ಶ್ಲೋಕಕ್ಕೆ ಅನ್ವಯ ಮಾಡಿ ಅಭ್ಯಾಸವಿರುವವರು ಲ್ಯಾಟಿನ್ ವಾಕ್ಯವನ್ನೂ ಅದೇ ಕ್ರಮದಲ್ಲಿ ಬಿಡಿಸಬಹುದು.

ವೈಜ್ಞಾನಿಕ ಹೆಸರುಗಳಿಗೆ ಇಷ್ಟೆಲ್ಲ ವಿಭಕ್ತಿಗಳು ಬೇಕಾಗುವುದಿಲ್ಲ. ಅಲ್ಲಿ ಇರುವುದು ಪ್ರಥಮಾ ಏಕವಚನ ಮಾತ್ರ. ಹಳೆಯ ಗ್ರಂಥಗಳ ಶೀರ್ಷಿಕೆಗಳಲ್ಲೂ ಹೆಚ್ಚಾಗಿ ಹಾಗೆಯೇ. ರಾಕ್ಸ್‌ಬರ್ಗ್‌ನ ‘ಫ್ಲೋರಾ ಇಂಡಿಕಾ’ದಲ್ಲಿ ಫ್ಲೋರಾ ಸ್ತ್ರೀಲಿಂಗ. ಆಮ್‌ಸ್ಟರ್‌ಡ್ಯಾಮ್‌ನಲ್ಲಿ 1678ರಿಂದ 1693ರವರೆಗೆ 12 ಸಂಪುಟಗಳಲ್ಲಿ ಅಚ್ಚಾದ ‘ಹೋರ್ಟಸ್ ಇಂಡಿಕಸ್ ಮಲಬಾರಿಕಸ್’ ಎಂಬ ಹೆಸರಿನಲ್ಲಿ ತೋಟವೆಂಬರ್ಥದ ‘ಹೋರ್ಟಸ್’ ಪುಲ್ಲಿಂಗವಾದ್ದರಿಂದ ಎರಡು ವಿಶೇಷಣಗಳೂ ಪುಲ್ಲಿಂಗದಲ್ಲಿ ನಿಂತಿವೆ. ಹಿಂದೂ ಮಹಾಸಾಗರವನ್ನು ‘ಓಷಿಯಾನಸ್’ ಎಂದು ಕರೆದರೆ ‘ಇಂಡಿಕಸ್’, ‘ಮಾರೆ’ ಎಂದು ಕರೆದರೆ ‘ಇಂಡಿಕಮ್’. ಕಡಲು ಒಂದೇ ಆದರೂ ವಿಶೇಷ್ಯ ಬದಲಾದೊಡನೆ ವಿಶೇಷಣದ ಕೊನೆ ಬದಲಾಗುತ್ತದೆ.

ಸರಿಯಾದ ರೂಪವನ್ನು ಆಯ್ದುಕೊಳ್ಳುವುದು

ಕೆಲಸದ ಕ್ರಮ ಸರಳ. ಮೊದಲು ಕುಲನಾಮವನ್ನು, ಅಂದರೆ ಜೋಡಿಹೆಸರಿನ ಮೊದಲ ಪದವನ್ನು ನೋಡಿ ಅದರ ಲಿಂಗವನ್ನು ಗೊತ್ತುಮಾಡಿಕೊಳ್ಳಬೇಕು. ಅನಂತರ ಆ ಲಿಂಗಕ್ಕೆ ಸಲ್ಲುವ ರೂಪವನ್ನು ಪ್ರಭೇದನಾಮವಾಗಿ ಇಡಬೇಕು. ಸಸ್ಯನಾಮಗಳ ಅಂತಾರಾಷ್ಟ್ರೀಯ ಸಂಹಿತೆಯ 23.5ನೆಯ ವಿಧಿಯೂ ಪ್ರಾಣಿನಾಮಗಳ ಸಂಹಿತೆಯ 31.2ನೆಯ ವಿಧಿಯೂ ಹೇಳುವುದು ಇದನ್ನೇ. ಬಹುಪಾಲು ಹೆಸರುಗಳಲ್ಲಿ ‘ಅಸ್’ ಎಂದು ಮುಗಿಯುವುದು ಪುಲ್ಲಿಂಗ, ‘ಆ’ ಎಂದು ಮುಗಿಯುವುದು ಸ್ತ್ರೀಲಿಂಗ, ‘ಅಮ್’ ಎಂದು ಮುಗಿಯುವುದು ನಪುಂಸಕ ಎಂಬ ಲೆಕ್ಕ ನಡೆಯುತ್ತದೆ. ಆದರೆ ಈ ಲೆಕ್ಕವನ್ನು ಕುರುಡಾಗಿ ನಂಬಬಾರದು; ತಪ್ಪುಗಳು ಹುಟ್ಟುವುದೇ ಇಲ್ಲಿ.

ಹುಣಸೆಮರವನ್ನು ತೆಗೆದುಕೊಳ್ಳಿ. ಕುಲನಾಮ ‘ಟ್ಯಾಮರಿಂಡಸ್’, ಕೊನೆಯನ್ನು ನೋಡಿದರೆ ಪುಲ್ಲಿಂಗದಂತೆ ಕಾಣುತ್ತದೆ. ಆದರೂ ಪೂರ್ಣ ಹೆಸರು ಟ್ಯಾಮರಿಂಡಸ್ ಇಂಡಿಕಾ, ಇಂಡಿಕಸ್ ಅಲ್ಲ. ರೋಮನ್ನರ ಭಾಷೆಯಲ್ಲಿ ಮರಗಳ ಹೆಸರುಗಳು ಕೊನೆ ಹೇಗೇ ಇದ್ದರೂ ಸಾಮಾನ್ಯವಾಗಿ ಸ್ತ್ರೀಲಿಂಗ. ಅರಳಿಮರವು ಫೈಕಸ್ ರಿಲಿಜಿಯೋಸಾ ಆಗಿರುವುದೂ ರಿಲಿಜಿಯೋಸಸ್ ಆಗದಿರುವುದೂ ಇದೇ ಕಾರಣಕ್ಕೆ. ‘ಟ್ಯಾಮರಿಂಡಸ್’ ಎಂಬ ಪದವೇ ಅರಬ್ಬರ ‘ತಮ್ರ್ ಹಿಂದೀ’, ಎಂದರೆ ಇಂಡಿಯಾದ ಖರ್ಜೂರ, ಎಂಬುದರಿಂದ ಬಂದಿದೆ. ಹೀಗಾಗಿ ಹುಣಸೆಯ ಹೆಸರಿನಲ್ಲಿ ಸಿಂಧು ಎರಡು ಸಲ ಹರಿಯುತ್ತದೆ: ಅರಬ್ಬಿಯ ದಾರಿಯಿಂದ ಹಕಾರ ಉಳಿಸಿಕೊಂಡು ಬಂದು ಆಮೇಲೆ ಅದನ್ನು ಕಳೆದುಕೊಂಡದ್ದು ಒಂದು, ಗ್ರೀಕರ ದಾರಿಯಿಂದ ಬಂದದ್ದು ಇನ್ನೊಂದು.

ಹಾಗಾದರೆ ಎಲ್ಲ ಮರಗಳೂ ಸ್ತ್ರೀಲಿಂಗವೆಂದು ತಿಳಿದುಬಿಡಬಹುದೇ? ಅದೂ ಆಗದು. ಹೊನ್ನೆ, ರಕ್ತಚಂದನಗಳ ಕುಲವಾದ ಟೆರೋಕಾರ್ಪಸ್ ಮರಗಳದ್ದೇ ಆದರೂ ಪುಲ್ಲಿಂಗ, ಏಕೆಂದರೆ ಅದರ ಉತ್ತರಪದ ಗ್ರೀಕಿನ ‘ಕಾರ್ಪೊಸ್’, ಹಣ್ಣು ಎಂಬ ಅರ್ಥದ ಪುಲ್ಲಿಂಗ ಶಬ್ದ. ಅದಕ್ಕೇ ಆ ಕುಲದ ಒಂದು ಮರ ಟೆರೋಕಾರ್ಪಸ್ ಇಂಡಿಕಸ್. ಸಮಾಸಪದದ ಲಿಂಗವನ್ನು ಉತ್ತರಪದ ನಿರ್ಣಯಿಸುತ್ತದೆ ಎಂಬುದನ್ನು ಇದರಿಂದ ತಿಳಿಯಬೇಕು. ಮಧುನಾಶಿನಿ ಬಳ್ಳಿಯ ಜಿಮ್ನೀಮಾ ಸಿಲ್ವೆಸ್ಟ್ರೆ ಎಂಬ ಹೆಸರಿನಲ್ಲಿ ಇದರ ಇನ್ನೊಂದು ಮುಖ ಕಾಣುತ್ತದೆ: ‘ಆ’ ಎಂದು ಮುಗಿದರೂ ಜಿಮ್ನೀಮಾ ಸ್ತ್ರೀಲಿಂಗವಲ್ಲ, ನೂಲು ಎಂಬರ್ಥದ ಗ್ರೀಕ್ ‘ನೀಮಾ’ ನಪುಂಸಕವಾದ್ದರಿಂದ ವಿಶೇಷಣವೂ ನಪುಂಸಕದ ‘ಸಿಲ್ವೆಸ್ಟ್ರೆ’ ಆಗಿದೆ. ಸಂದೇಹ ಬಂದಾಗ ಅದೇ ಕುಲದ ಬೇರೆ ಪ್ರಭೇದಗಳ ಹೆಸರುಗಳನ್ನು ನೋಡುವುದು ಒಳ್ಳೆಯ ಉಪಾಯ; ಅವುಗಳ ವಿಶೇಷಣಗಳ ಕೊನೆ ಕುಲದ ಲಿಂಗವನ್ನು ಹೇಳಿಕೊಡುತ್ತದೆ.

ಎರಡನೆಯ ಪದವು ನಿಜವಾಗಿ ವಿಶೇಷಣವೇ ಎಂಬುದನ್ನೂ ಪರೀಕ್ಷಿಸಬೇಕು. ಅಶೋಕ ಮರದ ಸರಾಕಾ ಅಸೋಕಾ ಎಂಬ ಹೆಸರಿನಲ್ಲಿ ‘ಅಸೋಕಾ’ ನಮ್ಮ ಅಶೋಕವೇ. ಅದು ನಾಮಪದ, ಯಾವ ಕುಲಕ್ಕೆ ಹೋದರೂ ಬದಲಾಗುವುದಿಲ್ಲ. ಇದಕ್ಕಿಂತ ಸ್ವಾರಸ್ಯವಾದದ್ದು ಪಾಪಸುಕಳ್ಳಿಯ ಜಾತಿಗೆ ಸೇರಿದ ಒಪುಂಶಿಯಾ ಫೈಕಸ್-ಇಂಡಿಕಾ. ಇಲ್ಲಿ ‘ಇಂಡಿಕಾ’ ಒಪುಂಶಿಯಾವನ್ನಲ್ಲ, ಒಳಗಿರುವ ‘ಫೈಕಸ್’ ಎಂಬ ಸ್ತ್ರೀಲಿಂಗ ಪದವನ್ನು ಅನುಸರಿಸಿದೆ. ‘ಇಂಡಿಯಾದ ಅತ್ತಿ’ ಎಂಬ ಇಡೀ ಜೋಡಿ ಒಂದು ನಾಮಪದದಂತೆ ನಿಂತಿದೆ. ಜೋಡಿಹೆಸರಿನ ಪದ್ಧತಿಯನ್ನು ನೆಲೆಗೊಳಿಸಿದ ಸ್ವೀಡನ್ನಿನ ವಿಜ್ಞಾನಿ ಲಿನ್ನೇಯಸ್ 1753ರಲ್ಲಿ ಇದೇ ಗಿಡವನ್ನು ಪುಲ್ಲಿಂಗದ ‘ಕ್ಯಾಕ್ಟಸ್’ ಕುಲದಲ್ಲಿ ಇಟ್ಟಾಗಲೂ ಕ್ಯಾಕ್ಟಸ್ ಫೈಕಸ್-ಇಂಡಿಕಾ ಎಂದೇ ಬರೆದದ್ದು ಇದಕ್ಕೆ ಸಾಕ್ಷಿ.

ಪ್ರಭೇದವು ಒಂದು ಕುಲದಿಂದ ಇನ್ನೊಂದಕ್ಕೆ ವರ್ಗವಾದಾಗ ವಿಶೇಷಣ ತನ್ನ ಉಡುಪನ್ನು ಬದಲಿಸಬೇಕಾಗುತ್ತದೆ. ಸೊಗದೆ ಬೇರನ್ನು ಲಿನ್ನೇಯಸ್ ಪೆರಿಪ್ಲೋಕಾ ಇಂಡಿಕಾ ಎಂದು ಕರೆದಿದ್ದ; ಕುಲ ಬದಲಾದ ಮೇಲೆ ಅದು ಹೆಮಿಡೆಸ್ಮಸ್ ಇಂಡಿಕಸ್. ದಶಮೂಲದಲ್ಲಿ ಸೇರುವ ಶ್ಯೋನಾಕವು ಬಿಗ್ನೋನಿಯಾ ಇಂಡಿಕಾ ಆಗಿದ್ದದ್ದು ಓರೋಕ್ಸೈಲಮ್ ಇಂಡಿಕಮ್ ಆಯಿತು. ಚಳಿಗಾಲದಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಹಿಂಡುಹಿಂಡಾಗಿ ಬಂದಿಳಿಯುವ ಪಟ್ಟೆತಲೆ ಹೆಬ್ಬಾತು 1790ರಲ್ಲಿ ಇಂಗ್ಲೆಂಡಿನ ಪಕ್ಷಿವಿಜ್ಞಾನಿ ಲೇಥಮ್‌ನ ಕೈಯಲ್ಲಿ ಅನಾಸ್ ಇಂಡಿಕಾ, ಈಗ ಆನ್ಸರ್ ಇಂಡಿಕಸ್. ಗದ್ದೆಬಯಲಿನ ಟಿಟ್ಟಿಭವೂ ಟ್ರಿಂಗಾ ಇಂಡಿಕಾದಿಂದ ವ್ಯಾನೆಲಸ್ ಇಂಡಿಕಸ್ ಆಗಿದೆ. ಹಳೆಯ ಪುಸ್ತಕದ ಹೆಸರನ್ನು ಹೊಸ ಕುಲದೊಡನೆ ಜೋಡಿಸುವಾಗ ಹಿಂದಿನ ಕೊನೆಯನ್ನೇ ಉಳಿಸಿಬಿಡುವುದು ಸಾಮಾನ್ಯವಾಗಿ ಕಾಣುವ ತಪ್ಪು. ಉಪಪ್ರಭೇದದ ಮೂರನೆಯ ಪದಕ್ಕೂ ಇದೇ ನಿಯಮ: ಭಾರತದ ಆನೆ ಎಲಿಫಾಸ್ ಮ್ಯಾಕ್ಸಿಮಸ್ ಇಂಡಿಕಸ್, ಎರಡು ವಿಶೇಷಣಗಳೂ ಪುಲ್ಲಿಂಗ. ಇವುಗಳಲ್ಲಿ ‘ಮ್ಯಾಕ್ಸಿಮಸ್’ ಎಂಬುದು ‘ಮ್ಯಾಗ್ನಸ್’ ವಿಶೇಷಣದ ‘ಅತಿ ದೊಡ್ಡ’ ಎಂಬ ರೂಪ. ಇಂಡಿಕಸ್‌ಗೆ ಅಂಥ ರೂಪವಿಲ್ಲ, ಸಂಬಂಧವನ್ನು ಹೇಳುವ ವಿಶೇಷಣದಲ್ಲಿ ಹೆಚ್ಚು ಕಡಿಮೆಯ ಮಾತು ಬರುವುದಿಲ್ಲ.

ಅರ್ಥವನ್ನು ಎಷ್ಟರ ಮಟ್ಟಿಗೆ ನಂಬಬೇಕು

‘ಇಂಡಿಕಾ’ ಎಂದು ಕಂಡ ಕೂಡಲೇ ‘ಭಾರತ ಮೂಲದ್ದು’ ಎಂದು ಅನುವಾದಿಸಬಾರದು. ಹದಿನೆಂಟನೆಯ ಶತಮಾನದ ಯುರೋಪಿನವರಿಗೆ ಇಂಡಿಯಾ ಎಂದರೆ ಇಂದಿನ ಭಾರತದ ಗಡಿಯಲ್ಲ. ಪೂರ್ವದ ದ್ವೀಪಗಳು, ಕೆಲವೊಮ್ಮೆ ಚೀನಾದ ಕಡೆಯ ನಾಡುಗಳು, ಕೊಲಂಬಸ್‌ನ ಭ್ರಮೆಯಿಂದಾಗಿ ಅಮೆರಿಕದ ತೀರಗಳು ಸಹ ಆ ಹೆಸರಿನ ನೆರಳಿಗೆ ಬರುತ್ತಿದ್ದವು. ತೋಟಗಳಲ್ಲಿ ಕೆಂಪು ಹಳದಿ ಹೂ ಬಿಡುವ ಕ್ಯಾನಾ ಇಂಡಿಕಾ ಅಮೆರಿಕದ ಗಿಡ. ಮೇಲೆ ಹೇಳಿದ ಕಳ್ಳಿಯೂ ಅಲ್ಲಿಯದೇ. ಟೆಪಿರಸ್ ಇಂಡಿಕಸ್ ಎಂಬ ಪ್ರಾಣಿ ಇರುವುದು ಮಲಯ ಮತ್ತು ಸುಮಾತ್ರಾದ ಕಾಡುಗಳಲ್ಲಿ. ಟೆರೋಕಾರ್ಪಸ್ ಇಂಡಿಕಸ್ ಫಿಲಿಪ್ಪೀನ್ಸ್‌ನ ರಾಷ್ಟ್ರವೃಕ್ಷ. ನಮ್ಮ ಪಶ್ಚಿಮಘಟ್ಟದ ಅಶೋಕವನ್ನು ಹಳೆಯ ಪುಸ್ತಕಗಳು ಸರಾಕಾ ಇಂಡಿಕಾ ಎಂದು ಕರೆಯುತ್ತಿದ್ದವು. ಆ ಹೆಸರು ವಾಸ್ತವವಾಗಿ ಆಗ್ನೇಯ ಏಷ್ಯಾದ ಬೇರೊಂದು ಮರಕ್ಕೆ ಸೇರಿದ್ದೆಂದು ತಿಳಿದ ಮೇಲೆ ನಮ್ಮದು ಸರಾಕಾ ಅಸೋಕಾ ಎಂದು ಬೇರೆಯಾಯಿತು. ಇಂಡಿಕಾ ಎಂಬ ಹೆಸರು ಹೊರನಾಡಿನ ಮರದ ಬಳಿಯೇ ಉಳಿಯಿತು.

ಈ ಅಸಂಗತಿಗಳನ್ನು ತಿದ್ದಲು ಯಾರಿಗೂ ಅಧಿಕಾರವಿಲ್ಲ. ಸಸ್ಯನಾಮ ಸಂಹಿತೆಯ 51ನೆಯ ವಿಧಿಯ ಪ್ರಕಾರ, ಕ್ರಮಬದ್ಧವಾದ ಹೆಸರನ್ನು ಅದರ ಅರ್ಥ ಒಪ್ಪುವುದಿಲ್ಲವೆಂಬ ಕಾರಣಕ್ಕೆ ತೆಗೆದುಹಾಕುವಂತಿಲ್ಲ. ಅದೇ ಸಂಹಿತೆ ಲಿಂಗ ತಪ್ಪಿದ್ದರೆ ಮೂಲಲೇಖಕನೇ ಬರೆದಿದ್ದರೂ ತಿದ್ದಬೇಕೆನ್ನುತ್ತದೆ. ಅರ್ಥ ತಪ್ಪಿದರೂ ಹೆಸರು ನಿಲ್ಲುತ್ತದೆ, ವ್ಯಾಕರಣ ತಪ್ಪಿದರೆ ನಿಲ್ಲುವುದಿಲ್ಲ. ಕನ್ನಡ ಲೇಖಕರು ಅರ್ಥವನ್ನು ವಿವರಿಸುವುದರಲ್ಲಿ ತೋರುವ ಉತ್ಸಾಹವನ್ನು ಕೊನೆಯ ಅಕ್ಷರವನ್ನು ಸರಿಯಾಗಿ ಬರೆಯುವುದರಲ್ಲೂ ತೋರಬೇಕೆಂದು ನಾನು ಒತ್ತಿ ಹೇಳುವುದು ಈ ಕಾರಣದಿಂದ.

ಇದೇ ಅಚ್ಚಿನ ಬೇರೆ ವಿಶೇಷಣಗಳಿಗೆ ಈ ಕ್ರಮವನ್ನು ನೇರವಾಗಿ ಅನ್ವಯಿಸಿ. ರಾಮಪತ್ರೆಯ ಮಿರಿಸ್ಟಿಕಾ ಮಲಬಾರಿಕಾದಲ್ಲಿ ಇರುವುದು ಮಲಬಾರಿಕಸ್, ಮಲಬಾರಿಕಾ, ಮಲಬಾರಿಕಮ್ ಎಂಬ ಸರಣಿ. ಆದರೆ ಸ್ಥಳನಾಮಕ್ಕೆ ‘ಎನ್ಸಿಸ್’ ಪ್ರತ್ಯಯ ಸೇರಿದ ವಿಶೇಷಣಗಳು ಬೇರೆ ಗುಂಪಿನವು: ಅವುಗಳಲ್ಲಿ ಪುಲ್ಲಿಂಗ ಸ್ತ್ರೀಲಿಂಗಗಳಿಗೆ ಒಂದೇ ರೂಪ, ನಪುಂಸಕಕ್ಕೆ ಮಾತ್ರ ‘ಎನ್ಸೆ’. ಮೈಸೂರಿನ ಹೆಸರು ಹೊತ್ತ ಥನ್‌ಬರ್ಜಿಯಾ ಮೈಸೊರೆನ್ಸಿಸ್ ಬಳ್ಳಿ ನಪುಂಸಕ ಕುಲವೊಂದಕ್ಕೆ ಸೇರಿದ್ದರೆ ‘ಮೈಸೊರೆನ್ಸೆ’ ಆಗುತ್ತಿತ್ತು. ಆಲದ ಮರವಾದ ಫೈಕಸ್ ಬೆಂಗಾಲೆನ್ಸಿಸ್‌ನಲ್ಲಿ ಫೈಕಸ್ ಸ್ತ್ರೀಲಿಂಗವೆಂಬುದು ಹೆಸರಿನಿಂದ ಗೊತ್ತಾಗುವುದೇ ಇಲ್ಲ. ಅದನ್ನು ತಿಳಿಯಲು ಪಕ್ಕದ ಅರಳಿಯ ಹೆಸರನ್ನೇ ನೋಡಬೇಕು. ದಾಸವಾಳದ ಹೈಬಿಸ್ಕಸ್ ರೋಸಾ-ಸೈನೆನ್ಸಿಸ್‌ನಲ್ಲಿಯೂ ‘ಸೈನೆನ್ಸಿಸ್’ ಅನುಸರಿಸುವುದು ಪುಲ್ಲಿಂಗದ ಹೈಬಿಸ್ಕಸ್ಸನ್ನಲ್ಲ, ಗುಲಾಬಿ ಎಂಬರ್ಥದ ಸ್ತ್ರೀಲಿಂಗದ ‘ರೋಸಾ’ವನ್ನು.